ಹತ್ತು ನಿಮಿಷದ ಉಗ್ಗು

ನನಗೆ ಉಗ್ಗು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾಗದದ ಮೇಲೆ ಅದು ಕಾಣಿಸುವುದಿಲ್ಲ. ಕಾಗದದ ಮೇಲೆ ನಾನು ಬಾಯಿಬಡಕಿ, ಬೇಕಾದರೆ ಜಗಳಗಂಟಿ. ಬಾಯಲ್ಲಿ ಮಾತ್ರ ಒಮ್ಮೊಮ್ಮೆ ಎಲ್ಲ ಅಕ್ಷರಗಳೂ ತಡವರಿಸುತ್ತವೆ, ಅದರಲ್ಲೂ ಕ, ಪ, ನ ಅನ್ನುವ ಮೂರು ಬಾಗಿಲಲ್ಲೇ ಅಡ್ಡ ನಿಂತುಬಿಡುತ್ತವೆ. ಆ ಮೂರನ್ನು ಬಿಟ್ಟು ಅರ್ಧ ದಿನ ಕನ್ನಡ ಮಾತಾಡಿ ನೋಡಿ, ನನ್ನ ಪಾಡು ಏನೆಂದು ಗೊತ್ತಾಗುತ್ತದೆ. 'ನಾನು' ಅನ್ನುವುದಕ್ಕೇ ಆಗುವುದಿಲ್ಲ.

ನನಗೆ ಉಗ್ಗಿನ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನನ್ನ ಮಾತನ್ನು ತಾವೇ ಮುಗಿಸಿಕೊಡುವ ದಯಾವಂತರ ಮೇಲೆ. ಶಿಕಾರಿಪುರದ ಸಂತೆಯಲ್ಲಿ ಒಮ್ಮೆ 'ಪ... ಪ...' ಎಂದು ನಿಂತೆ. ಪಡವಲಕಾಯಿ ಬೇಕಿತ್ತು. ತರಕಾರಿಯವಳು ಪಾಪ ಅಂದುಕೊಂಡು ಒಂದು ಪಪ್ಪಾಯಿ ತೂಗಿ ಚೀಲಕ್ಕೆ ಹಾಕಿಯೇಬಿಟ್ಟಳು. ಅಲ್ಲ, ಪಡವಲಕಾಯಿ ಅನ್ನಬೇಕೆಂದರೆ ಮತ್ತೆ ಅದೇ ಅಕ್ಷರ. ಹಾಳಾಗಿ ಹೋಗಲಿ ಎಂದು ಪಪ್ಪಾಯಿ ಹೊತ್ತುಕೊಂಡು ಮನೆಗೆ ಬಂದೆ. ಆ ದಿನ ಮಧ್ಯಾಹ್ನ ಎಲ್ಲರೂ ಬರೀ ಸಾರಿನಲ್ಲಿ ಉಂಡರು, ನಾನು ಯಾರಿಗೂ ಏನೂ ಹೇಳಲಿಲ್ಲ.

ನಮ್ಮದು ಶಿಕಾರಿಪುರದಲ್ಲಿ ಬೀಜ ಗೊಬ್ಬರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ, ಅಂಗಡಿಯ ಪತ್ರವ್ಯವಹಾರವೆಲ್ಲ ನನ್ನದೇ. ಗೊಬ್ಬರದ ಕಂಪನಿಗಳಿಗೆ ನಾನು ಬರೆಯುತ್ತಿದ್ದ ಕಾಗದ ಓದಿದವರು ಇದು ಯಾರೋ ಗದರುವ ಗಂಡಸು ಎಂದುಕೊಂಡಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಷ್ಟರಲ್ಲಾಗಲೇ ಎರಡು ಕಡೆಯ ಗಂಡಿನವರು ನನ್ನನ್ನು ನೋಡಿ ಹೋಗಿದ್ದರು. ಮೊದಲನೆಯವರು ನಾನು ನನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎದ್ದರು, ಉಪ್ಪಿಟ್ಟು ಅರ್ಧ ತಟ್ಟೆಯಲ್ಲೇ ಉಳಿಯಿತು. ಎರಡನೆಯವರು ಉಪ್ಪಿಟ್ಟು ಪೂರ್ತಿ ತಿಂದು, ಆಮೇಲೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಅವ್ವ ಮೂರು ದಿನ ನನ್ನ ಮುಖ ನೋಡದೆ ರೊಟ್ಟಿ ಬಡಿದಳು.

ನನ್ನ ತಂಗಿ ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ರಜೆಗೆ ಬಂದಾಗ ಊಟಕ್ಕೆ ಕೂತರೆ ಅವಳ ಬಾಯಿ ಎರಡು ಕೆಲಸ ಒಟ್ಟಿಗೆ ಮಾಡುತ್ತಿತ್ತು. ಆ ಸಲ ಅವಳ ತಲೆಯಲ್ಲಿ ತುಂಬಿಕೊಂಡಿದ್ದದ್ದು ಒಂದು ಕಂಪ್ಯೂಟರ್ ಆಟ. ಅವರ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ತಂತಿಯಲ್ಲಿ ಜೋಡಿಸಿದ್ದರಂತೆ. ಹಿಂದಿನ ವರ್ಷದವರು ಯಾರೋ ಅದರೊಳಗೆ ಈ ಆಟ ತಂದು ಹಾಕಿದ್ದರಂತೆ. ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಒಬ್ಬ ವೀರನೋ ಮಂತ್ರವಾದಿಯೋ ಆಗಿ ಒಂದೇ ಲೋಕದಲ್ಲಿ ತಿರುಗಾಡುವುದು.

"ಚಿತ್ರ ಗಿತ್ರ ಏನಿಲ್ಲಕ್ಕಾ, ಬರೇ ಅಕ್ಷರ" ಎಂದಳು ತಂಗಿ. "ಇಂಗ್ಲಿಷಿನಾಗೆ ಬರ್ತತಿ. 'ನೀನು ಒಂದು ಹಾಳು ಛತ್ರದಾಗೆ ನಿಂತೀಯ, ಮೂಲ್ಯಾಗೆ ಒಂದು ಕತ್ತೆ ಕನ್ನಡಕ ಹಾಕ್ಕಂಡು ಪುಸ್ತಕ ಓದ್ತಾ ಐತಿ' ಅಂತ. ನಾವು ಏನು ಮಾಡ್ತೀವಿ ಅಂತ ಬರೀಬೇಕು. ನಾನು ಕತ್ತೆಗೆ ಒದ್ದೆ."

"ಒದ್ದರೆ?" ಅಪ್ಪ ಕೇಳಿದ.

"ಅದು ಶಾಪ ಕೊಡ್ತು. ಬಿಕ್ಕಳಿಕೆ ಬಂತು. ಐದು ನಿಮಿಷ ನಾನು ಏನು ಬರೆದ್ರೂ ನಡುವೆ 'ಹಿಕ್, ಹಿಕ್' ಅಂತ ಅದಾಗೇ ಸೇರ್ಕಂತಿತ್ತು."

ಆ ಆಟದಲ್ಲಿ ಇಂಥವು ಬೇಕಾದಷ್ಟಿದ್ದವು. ಅವಳು ಅವಕ್ಕೆ 'ಸ್ಥಿತಿ' ಅನ್ನುತ್ತಿದ್ದಳು. ಹಳಸಿದ ಪಾಯಸ ಕುಡಿದರೆ ಅತಿವಿನಯ ಅನ್ನುವ ಸ್ಥಿತಿ: ಕೊಲ್ಲಲು ಬಂದ ರಾಕ್ಷಸನಿಗೂ ಮೊದಲು ಕೈಮುಗಿದು ಆಮೇಲೆ ಕತ್ತಿ ಎತ್ತಬೇಕು. ಇನ್ನೊಂದು ಸ್ಥಿತಿಯಲ್ಲಿ ಎಡಕ್ಕೆ ಹೋಗು ಎಂದರೆ ಕಾಲು ಬಲಕ್ಕೆ ಹೋಗುತ್ತಿತ್ತು. ಅಪ್ಪ ನಗುತ್ತಾ ಕೂತಿದ್ದ. ತಂಗಿಗೆ ಹುರುಪು ಏರಿತು.

"ಇನ್ನೊಂದೈತಿ. ಕೆರೆ ದಂಡ್ಯಾಗೆ ಒಂದು ಬಾತುಕೋಳಿ. ಅದು ಕಚ್ಚಿದ್ರೆ ಉಗ್ಗು ಬರ್ತತಿ. ಏನು ಬರೆದ್ರೂ ಮೊದಲ ಅಕ್ಷರ ಮೂರು ಮೂರು ಸಲ..." ಅಂದವಳು ಅಲ್ಲಿಗೇ ನಿಂತಳು. ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಪ್ಪ ಮಜ್ಜಿಗೆಯ ಲೋಟ ಎತ್ತಿಕೊಂಡ. ಅವ್ವ ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋಗಲು ಎದ್ದಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಎ... ಎಷ್ಟು ಹೊತ್ತು ಇರ್ತತಿ?" ಎಂದು ಕೇಳಿದೆ.

"ಹತ್ತು ನಿಮಿಷ" ಎಂದಳು ತಂಗಿ, ತಟ್ಟೆ ನೋಡುತ್ತಾ. "ಆಮ್ಯಾಲೆ ತಾನೇ ಇಳೀತತಿ."

"ಅಷ್ಟೊತ್ತು ಆ... ಆಟ ನಿಲ್ತತಾ?"

"ಯಾಕೆ ನಿಲ್ಲಬೇಕು? ಉಗ್ಗುತ್ತಾನೇ ಯುದ್ಧ ಮಾಡಬೇಕು. ನಾನು ಉಗ್ಗುತ್ತಾನೇ ಒಬ್ಬ ರಾಜನ ಕೋಟೆ ಗೆದ್ದೀನಿ."

"ಶ... ಶಕ್ತಿ ಕಡಿಮೆ ಆಗ್ತತಾ?"

"ಇಲ್ಲಕ್ಕಾ. ಶಕ್ತಿ ಅಷ್ಟೇ ಇರ್ತತಿ. ಬರೇ ಮಾತು ಅಷ್ಟೇ."

ನಾನು ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದೆ. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ, ಅಳುತ್ತಾ ಅಳುತ್ತಾ ನಗು ಬಂತು. ಇಪ್ಪತ್ತಮೂರು ವರ್ಷ ಎಲ್ಲರೂ ನನಗೆ ಉಗ್ಗಿ ಅಂದಿದ್ದರು, ಅಂದರೆ ಅದೇ ನಾನು, ನಾನೇ ಅದು. ದಾವಣಗೆರೆಯ ಯಾವುದೋ ಕೋಣೆಯಲ್ಲಿ ಅದೊಂದು ಬಾತುಕೋಳಿ ಕಚ್ಚಿದ ಗಾಯ. ಮೇಲೆ ಬಂದು ಕೂತದ್ದು. ಕೂತಾಗಲೂ ಕೋಟೆ ಗೆಲ್ಲಬಹುದು. ಇಷ್ಟು ಸಣ್ಣ ವಿಷಯವನ್ನು ನನಗೆ ಇದುವರೆಗೆ ಒಬ್ಬರೂ ಹೇಳಿರಲಿಲ್ಲ.

ಮಾರನೆಯ ದಿನ ನಾನೇ ತಂಗಿಯನ್ನು ಹಿಡಿದು ಕೂರಿಸಿದೆ. ಕಂಪ್ಯೂಟರ್ ಇಲ್ಲದಿದ್ದರೇನು? ಅಂಗಡಿಯ ಹಳೆಯ ಗೊಬ್ಬರದ ಜಾಹೀರಾತುಗಳನ್ನು ಕತ್ತರಿಸಿ ಬೆನ್ನ ಮೇಲೆ ಒಂದೊಂದು ಸ್ಥಿತಿ ಬರೆದೆ. ಚೀಟಿಗಳನ್ನು ಅಕ್ಕಿ ಅಳೆಯುವ ಸೇರಿನಲ್ಲಿ ಹಾಕಿದೆ. ನಿಯಮ ಬರೆಯುವವಳು ನಾನು, ಕತೆ ಹೇಳುವವಳು ತಂಗಿ. ಸಂಜೆ ಕರೆಂಟು ಹೋಗುತ್ತಲೇ ಮಂಡಕ್ಕಿಯ ಪುಟ್ಟಿ ನಡುವೆ ಇಟ್ಟುಕೊಂಡು ನಾವು ನಾಲ್ಕು ಜನ ಕೂರುತ್ತಿದ್ದೆವು. ಅಪ್ಪ ಸೇನಾಪತಿ, ಅವ್ವ ರಾಣಿ. ಅಪ್ಪನಿಗೆ ಅತಿವಿನಯ ಬಂದ ದಿನ ಆತ ನಮ್ಮ ಬೆಕ್ಕಿಗೆ 'ದಯವಿಟ್ಟು ಆ ಕಡೆ ಸರೀರಿ' ಅಂದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಹಿಡಿಯುವಷ್ಟು ನಗು ಬರುತ್ತದೆ.

ಉಗ್ಗಿನ ಚೀಟಿಗೆ ನಾನು ಒಂದು ನಿಯಮ ಹಾಕಿದ್ದೆ. ಉಗ್ಗುತ್ತಿರುವವರ ಮಾತನ್ನು ಬೇರೆಯವರು ಮುಗಿಸಿದರೆ ಉಗ್ಗು ಅವರಿಗೆ ಅಂಟುತ್ತದೆ. ನನಗೇ ಆ ಚೀಟಿ ಬಂದರೆ ಏನು ಗತಿ ಎಂದು ತಂಗಿ ಕೇಳಿದಳು. ನನಗೆ ಬಂದರೆ ರಜೆ ಎಂದೆ.

ಅವ್ವನಿಗೆ ಆ ಚೀಟಿ ಬಂದಾಗ ಅವಳು ಮುಟ್ಟುವುದೇ ಇಲ್ಲ ಎಂದಳು. ಹೊಟ್ಟೆಯ ಮಗಳ ಎದುರಿಗೆ ಹೇಗೆ ಅಣಕಿಸುವುದು ಎಂದು ಸಂಕಟಪಟ್ಟಳು. ನಾನೇ ಹೇಳಿಕೊಟ್ಟೆ. ಬಾಯಿ ತಯಾರಾಗಿರ್ತತಿ, ಅಕ್ಷರ ಬರಲ್ಲ, ಒತ್ತಬೇಡ, ಕಾಯಿ, ಅಂತ. ಅವ್ವ ಕಣ್ಣು ಮುಚ್ಚಿಕೊಂಡು "ನೀ... ನೀ... ನೀ..." ಎಂದಳು. ಅಪ್ಪ ಅಭ್ಯಾಸಬಲದಿಂದ ಚೊಂಬು ಮುಂದೆ ನೂಕಿ "ನೀರು ತಾನೇ? ತಗ" ಎಂದ.

"ನೀರಲ್ಲ ರೀ!" ಅವ್ವ ಚೀರಿದಳು. "ನೀವು ಸೋತ್ರಿ ಅನ್ನಾಕ್ಕೆ ಹೊಂಟಿದ್ದೆ. ನನ್ನ ಮಾತು ನಂಗೆ ಆಡಾಕ್ಕೆ ಬಿಡ್ರಲ್ಲ!"

ಆಮೇಲೆ ನನ್ನ ಕಡೆ ತಿರುಗಿದಳು. ಕಂದೀಲಿನ ಬೆಳಕಿನಲ್ಲಿ ಅವಳ ಮುಖ ಇಳಿದುಹೋಗಿತ್ತು. "ಇಷ್ಟು ಸಿಟ್ಟು ಬರ್ತತೇನೇ ಇದಕ್ಕೆ?" ಎಂದು ಮೆತ್ತಗೆ ಕೇಳಿದಳು. ನಾನು ಹೂಂ ಎಂದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಇಷ್ಟಾದರೂ ಎಡವಟ್ಟು ಆದದ್ದು ಇದೇ ಆಟದಿಂದ, ಅದೂ ಮೌನ ಅನ್ನುವ ಚೀಟಿಯಿಂದ. ಒಂದು ಸೋಮವಾರ ಸಂಜೆ ಅದು ಅವ್ವನಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಅವ್ವ ಬಾಯಿ ಬಿಡದೆ ಮಜ್ಜಿಗೆ ತಂದುಕೊಟ್ಟಳು. ಏನಾಗಿದೆ ಎಂದರೆ ಅಪ್ಪ ಗಂಭೀರವಾಗಿ "ಆಕಿಗೆ ಇವತ್ತು ಮೌನ ರೀ" ಎಂದ. ಪಕ್ಕದ ಮನೆಯಾಕೆ ಬಟ್ಟಲು ಕೆಳಗಿಟ್ಟು ಅವ್ವನಿಗೆ ಕೈಮುಗಿದರು. ಸೋಮವಾರ ಶಿವನ ವಾರ, ಮೌನವ್ರತ ಹಿಡಿಯುವುದು ಸಾಮಾನ್ಯದವರ ಕೈಲಾಗುವ ಕೆಲಸವಲ್ಲ ಎಂದು ಹೊಗಳಿ ಹೋದರು.

ಎರಡು ವಾರಕ್ಕೆ ಸೊರಬದಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಬಸ್‌ ಸ್ಟ್ಯಾಂಡಿನ ಹತ್ತಿರ ಅವರ ಹಿಟ್ಟಿನ ಗಿರಣಿ, ಗದ್ದೆಯೂ ಇತ್ತು. ಮನೆಯಲ್ಲಿ ತಾಯಿ ಮಗ ಇಬ್ಬರೇ. ಬರುವ ದಿನ ಸೋಮವಾರ. ಅವ್ವ ನನ್ನ ಜಡೆ ಹೆಣೆಯುತ್ತಾ ಹೆಣೆಯುತ್ತಾ ನಿಲ್ಲಿಸಿದಳು. "ಸೋಮವಾರ ನಿನಗೆ ಮೌನ ಅಂದ್ರೆ ಹೆಂಗೆ?" ಎಂದಳು.

ಮುಚ್ಚಿಡುವುದಿಲ್ಲ, ನಾನೂ ಒಪ್ಪಿದೆ. ಇನ್ನೊಂದು ಉಪ್ಪಿಟ್ಟು ತಟ್ಟೆಯಲ್ಲಿ ಉಳಿಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ತಂಗಿ ಒಬ್ಬಳೇ ಇದು ಸರಿಯಲ್ಲ ಎಂದು ಮುಖ ಊದಿಸಿಕೊಂಡಳು. ಆಟದ ಸ್ಥಿತಿ ಆಟಕ್ಕೇ ಇರಲಿ ಎಂದಳು. ನಾನು ಅವಳಿಗೆ ಬೈದೆ.

ಗಂಡಿನ ತಾಯಿ ಬಾಗಿಲಿಗೆ ಬರುವ ಮೊದಲೇ ಅವರ ದನಿ ಬಂತು. ಬಸ್ಸಿನಲ್ಲಿ ಯಾರು ಯಾರ ಮೇಲೆ ವಾಂತಿ ಮಾಡಿದರು ಎನ್ನುವಲ್ಲಿಂದ ಶುರುಮಾಡಿ, ಗಿರಣಿಯ ಬೆಲ್ಟು, ರಾಗಿ ಬೀಸಿದ ಮೇಲೆ ಅಕ್ಕಿ ಬೀಸಬಾರದು ಅನ್ನುವುದು, ಸೊಂಟನೋವು, ಎಲ್ಲ ಬಂತು. ಅವ್ವ ನನ್ನ ಮೌನದ ವಿಷಯ ಹೇಳಲು ಮೂರು ಸಲ ಬಾಯಿ ತೆಗೆದು ಮೂರು ಸಲವೂ ಸೋತಳು. ಕೊನೆಗೆ ಹೇಗೋ ಹೇಳಿದಳು. ಆ ಹೆಂಗಸು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ಸೋಮವಾರ ಪೂರ್ತಿ ಮಾತಿಲ್ವಾ? ಎಂತ ಚಲೋ ಪದ್ಧತಿ ಮಾರಾಯ್ತಿ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮನೇಲಿ ಗಿರಣಿ ಸದ್ದು, ಗಿರಣಿ ಮೇಲೆ ನನ್ನ ಸದ್ದು. ಇಂಥ ಒಂದು ಹುಡುಗಿ ಬೇಕು ನೋಡಿ ನಮಗೆ."

ಮಗ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ತಾಯಿ ಉಸಿರು ತೆಗೆದುಕೊಂಡ ಸಂದು ನೋಡಿ ಅಪ್ಪನನ್ನು ಕೇಳಿದ: "ಮಂಗಳವಾರ ಮಾತಾಡ್ತಾರಾ?"

ಅದರಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೇ ತಿಳಿದುಕೊಳ್ಳಬೇಕೆಂದು ಕೇಳಿದ್ದ. ನನಗೆ ಎಲ್ಲಿಲ್ಲದ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಅವನು ನನಗೆ ಹಿಡಿಸಿಬಿಟ್ಟ. ಅಲ್ಲಿಂದ ನನಗೆ ಸಂಕಟ ಶುರುವಾಯಿತು.

ಹೋಗುವಾಗಲೇ ಒಪ್ಪಿಗೆ ಎಂದರು. ಎರಡು ವಾರ ಬಿಟ್ಟು ಬಂದು ಸೀರೆ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದು ಎಂದಾಯಿತು. ಅದೂ ಸೋಮವಾರವೇ, ಶುಭದ ಮಾತನ್ನು ಅವರ ಮನೆಯಲ್ಲಿ ಬೇರೆ ವಾರ ಆಡುವುದಿಲ್ಲವಂತೆ. ಅವ್ವ ಕುಣಿದಾಡಿದಳು. ತಂಗಿ ಹಾಸ್ಟೆಲಿಗೆ ಹೊರಟಳು. ನಾನು ದಿನ ಎಣಿಸುತ್ತಾ ಕೂತೆ. ಮದುವೆಯ ಮೊದಲ ಮಂಗಳವಾರ ಬೆಳಿಗ್ಗೆ ಆ ಮನೆಯಲ್ಲಿ ನಾನು ಬಾಯಿ ತೆರೆದಾಗ ಏನಾಗುತ್ತದೆ? ಅವನು ಬೇಕು, ಆದರೆ ಬಾಯಿ ಮುಚ್ಚಿಕೊಂಡು ಬದುಕುವುದು ಬೇಡ. ಎರಡೂ ಒಟ್ಟಿಗೆ ಸಿಗುವ ದಾರಿ ನನಗೆ ಕಾಣುತ್ತಿರಲಿಲ್ಲ. ಅವ್ವನಿಗೆ ಹೇಳಿದರೆ ಮದುವೆ ಆದ ಮೇಲೆ ಎಲ್ಲ ಸರಿ ಹೋಗುತ್ತದೆ ಎಂದಳು.

ಆ ಸೋಮವಾರ ಬಂತು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು, ದನಿ ಬರಲಿಲ್ಲ. ಗಂಡಿನ ತಾಯಿ ಒಳಗೆ ಬಂದು ಎಲ್ಲರಿಗೂ ಕೈಮುಗಿದು, ತುಟಿ ಬಿಗಿದುಕೊಂಡು ಚಾಪೆಯ ಮೇಲೆ ಕೂತರು.

"ಅಮ್ಮನೂ ಹೋದ ವಾರದಿಂದ ಸೋಮವಾರ ಮೌನ" ಎಂದ ಮಗ. "ನಿಮ್ಮ ಮಗಳನ್ನ ನೋಡಿ ಹೋದ ಮೇಲೆ ಶುರು ಮಾಡಿದ್ದು. ಗಿರಣಿಗೆ ಬರೋರೆಲ್ಲ ಅಮ್ಮಂಗೆ ಹುಷಾರಿಲ್ವಾ ಅಂತ ಕೇಳ್ತಾ ಇದಾರೆ."

ಅಯ್ಯೋ ಶಿವನೇ ಅನ್ನಿಸಿತು ನನಗೆ. ಆ ಹೆಂಗಸಿನ ಪಾಡು ನೋಡಲಾಗುತ್ತಿರಲಿಲ್ಲ. ಅಪ್ಪ ಸೊರಬದ ಮೊದಲ ಬಸ್ಸು ಆರೂವರೆಗೆ ಎಂದು ತಪ್ಪು ಹೇಳಿದ. ಅವರ ಕುತ್ತಿಗೆಯ ನರ ಉಬ್ಬಿತು, ಕೈಯಿಂದ ಇಲ್ಲ ಇಲ್ಲ ಎಂದು ಬೀಸಿದರು, ಬಾಯಿ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಸೀರೆಯ ತಟ್ಟೆಯನ್ನು ನನ್ನ ಮುಂದೆ ಸರಿಸಿ, ತನ್ನ ಎದೆ ಮುಟ್ಟಿಕೊಂಡು, ನನ್ನ ಕಡೆ ಕೈ ತೋರಿಸಿ ಮಗನ ಮುಖ ನೋಡಿದರು.

"ನಿಮ್ಮಿಂದ ಒಂದು ಒಳ್ಳೇದು ಕಲಿತೆ ಅಂತಿದಾರೆ" ಎಂದ ಅವನು ನನಗೆ.

ನಾವು ನಾಟಕ ಆಡುತ್ತಿದ್ದೆವು, ಅವರು ನಿಜವಾಗಿ ವ್ರತ ಹಿಡಿದಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾಚಿಕೆಯೋ ಸಿಟ್ಟೋ ನನಗೇ ಗೊತ್ತಾಗಲಿಲ್ಲ.

"ನ... ನ... ನ..." ಎಂದೆ.

ಮಗ ತಲೆ ಎತ್ತಿದ. ಅವ್ವ ದಡಕ್ಕನೆ ಮುಂದೆ ಬಂದು "ನಮಸ್ಕಾರ ಅಂತಾಳ್ರೀ" ಎಂದಳು.

"ಅ... ಅವ್ವಾ, ಸು... ಸುಮ್ನಿರು!"

ಅವ್ವ ಗೋಡೆಗೆ ಒರಗಿದಳು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ನನಗೆ ಮೌನ ಇಲ್ಲ, ಅದು ಸುಳ್ಳು. ನನಗೆ ಉಗ್ಗು ಐತಿ, ಸೋಮವಾರನೂ ಐತಿ, ಮಂಗಳವಾರನೂ ಐತಿ. ಅದನ್ನ ಮುಚ್ಚಾಕ್ಕೆ ಹಿಂಗೆ ಹೇಳಿದ್ವಿ, ನಾನೂ ಒಪ್ಪಿದ್ದೆ, ತಪ್ಪಾತು. ಇಷ್ಟೇ ಮಾತು. ಒಂದೊಂದು ಅಕ್ಷರಕ್ಕೂ ಒಂದೊಂದು ಹೊತ್ತು ಹಿಡಿಯಿತು. ನಡುವೆ ಗಂಡಿನ ತಾಯಿಯ ಬಾಯಿ ನಾಲ್ಕು ಸಲ ತೆರೆಯಿತು, ನಾಲ್ಕು ಸಲ ಮುಚ್ಚಿತು. ಮಗ ಅಲುಗಾಡದೆ ಕೇಳಿದ. ಹುಟ್ಟಿದ ಮೇಲೆ ನಾನು ಹೊರಗಿನವರ ಎದುರಿಗೆ ಇಷ್ಟು ಉದ್ದದ ಮಾತನ್ನು ಪೂರ್ತಿ ಆಡಿದ್ದು ಅದೇ ಮೊದಲು.

ಆ ತಾಯಿ ಎದ್ದರು. ಸೀರೆಯ ತಟ್ಟೆಯನ್ನು ಕೊಡಲೂ ಇಲ್ಲ, ತೆಗೆದುಕೊಂಡು ಹೋಗಲೂ ಇಲ್ಲ, ಇದ್ದಲ್ಲೇ ಬಿಟ್ಟು ಹೊರಗೆ ನಡೆದರು. ಮಗ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡಿದ. "ನಾಳೆ ಅಮ್ಮ ಮಾತಾಡ್ತಾರೆ" ಎಂದಷ್ಟೇ ಹೇಳಿ ಹೋದ. ಅದು ಸಮಾಧಾನವೋ ಎಚ್ಚರಿಕೆಯೋ ನಮಗೆ ಯಾರಿಗೂ ತಿಳಿಯಲಿಲ್ಲ. ಅವ್ವ ಅತ್ತಳು. ಎರಡು ಸಲ ಎದ್ದು ಹೋದರು ಅಂತ ಹೆದರಿ ಹೀಗೆ ಮಾಡಿದೆ, ನೀನು ಬೇಡ ಅಂತಲ್ಲ ಕಣೇ ಎಂದು ನನ್ನ ಕೈ ಹಿಡಿದುಕೊಂಡಳು. ಅವಳನ್ನು ನೋಡಿ ನನಗೆ ಪಾಪ ಅನ್ನಿಸಿತು.

ಮಂಗಳವಾರ ಅಪ್ಪ ಅಂಗಡಿಯ ಬಾಗಿಲು ತೆಗೆದು ಸ್ವಲ್ಪ ಹೊತ್ತಾಗಿತ್ತು. ಗಂಡಿನ ತಾಯಿ ಒಬ್ಬರೇ ಬಂದರು, ದೂರದಿಂದಲೇ ಅವರ ದನಿ ಕೇಳಿಸಿತು.

"ಮೊದಲ ಬಸ್ಸು ಆರಕ್ಕೆ ರೀ! ಆರೂವರೆಗಲ್ಲ!" ಎಂದು ಅಪ್ಪನಿಗೆ ಹೇಳುತ್ತಲೇ ಒಳಗೆ ಬಂದು ಅಡುಗೆಮನೆಯಲ್ಲೇ ಕೂತರು. ಅವ್ವ ಗಾಬರಿಯಿಂದ ಚಹಾಕ್ಕೆ ಹಾಲು ಇಟ್ಟಳು. ಆಮೇಲೆ ಶುರುವಾಯಿತು. "ಎರಡು ಸೋಮವಾರ ಕಣ್ರೀ, ಎರಡು ಸೋಮವಾರ ಬಾಯಿ ಮುಚ್ಕಂಡು ಸತ್ತೀನಿ ನಾನು! ಶಿವನ ಹೆಸರಲ್ಲಿ ಸುಳ್ಳು ಹೇಳಿದ್ರಲ್ಲ, ನಿಮಗೆ ನಾಲಿಗೆ ಹೆಂಗೆ ಹೊರಳ್ತು? ಉಗ್ಗು ಅಂದ್ರೆ ನಾವು ಎದ್ದು ಹೋಗ್ತಿದ್ವಿ ಅಂತ ನಿಮಗೆ ಹೇಳಿದ್ದು ಯಾರು?" ಎಂದು ಅವ್ವನನ್ನು ತರಾಟೆಗೆ ತೆಗೆದುಕೊಂಡರು. ಸ್ವಲ್ಪ ಸುಧಾರಿಸಿಕೊಂಡು "ಹೋಗ್ತಿದ್ವೇನೋ. ಅದು ಬೇರೆ ಮಾತು" ಎಂದರು.

ಅವರು ನನ್ನ ಕಡೆ ತಿರುಗಿದರು.

"ನಿನ್ನೆ ಮಾತ್ರ ಕೂತು ಕೇಳಿದೆ. ಬೇರೆ ಗತಿ ಇರ್ಲಿಲ್ಲ. ಈ ವಯಸ್ಸಿಗೆ ಒಬ್ಬರ ಮಾತು ಕೊನೆವರೆಗೆ ಕೇಳಿದ್ದು ನಾನು ಅದೇ ಮೊದಲು ಕಣೆ. ಮಗ ಬಸ್ಸಲ್ಲಿ ಅದನ್ನೇ ಹೇಳಿದ. ಅವನೇ ಕಳಿಸಿದ್ದು ನನ್ನನ್ನ. ನಾವೆಲ್ಲ ಒಪ್ಪಿಗೆ ಒಪ್ಪಿಗೆ ಅಂತ ಕುಣಿದ್ವಿ, ಆ ಹುಡುಗಿನ ಒಬ್ಬರಾದ್ರೂ ಕೇಳಿದ್ರಾ, ಕೇಳ್ಕಂಡು ಬಾ ಅಂದ. ಅದಕ್ಕೆ ಬಂದೆ. ನಿಂಗೆ ಒಪ್ಪಿಗೆನಾ?"

"ಅಯ್ಯೋ, ಆಕಿಗೆ ಒಪ್ಪಿಗೆನೇ ರೀ..." ಎಂದು ಅವ್ವ ಬಾಯಿ ಹಾಕಿದಳು.

"ನೀವು ಸುಮ್ನಿರಿ ಮಾರಾಯ್ತಿ. ಅವಳು ಹೇಳ್ಲಿ."

ಹೇಳಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಮುಚ್ಚಿ ನನ್ನ ಮುಖ ನೋಡುತ್ತಾ ಕೂತರು. ತಲೆ ಆಡಿಸಿದ್ದರೆ ಸಾಕಿತ್ತು. ನಾನು ಆಡಿಸಲಿಲ್ಲ. ಬಾಯಿ ತೆರೆದು ಶುರುಮಾಡಿದೆ. ನಾನು ಒಪ್ಪಿದೀನಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಪೂರ್ತಿ ಚೆಲ್ಲಿಹೋಗಿತ್ತು. ಒಬ್ಬರೂ ಏಳಲಿಲ್ಲ.